ಇಲಿ ಕೊಳ್ಳುವ ಮುನ್ನ

ಆಟಕ್ಕೆ ಅಂತ ಒಂದು ಮೌಸು ಬೇಕು, ಕೈಯಲ್ಲಿರೋದು ಒಂದೂವರೆ ಸಾವಿರ, ಯಾವುದು ತಗೊಳ್ಳಲಿ? ಈ ಪ್ರಶ್ನೆ ಕೇಳದ ಗೆಳೆಯರು ನಮ್ಮ ಪೀತಮ್‌ಪುರದ ರೂಮುಗಳಲ್ಲಿ ಕಡಿಮೆ. ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇದೆಂಥ ಇಲಿಪುರಾಣ ಎಂದು ಹಿರಿಯರು ಮೂಗು ಮುರಿಯಬಹುದು. ಮುರಿಯಲಿ. ಊರಿಂದ ಬಂದ ದುಡ್ಡಿನಲ್ಲಿ ಮೆಸ್ಸಿನ ಬಾಕಿ, ಮೆಟ್ರೋ ಕಾರ್ಡು ಎಲ್ಲ ಕಳೆದು ಉಳಿಸಿದ ಒಂದೂವರೆ ಸಾವಿರ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಆಟ ಅಂದ್ರೆ ಜೂಜು ಅನ್ನೋರಿಗೂ ಒಂದು ಮಾತು: 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು, ಇ-ಸ್ಪೋರ್ಟ್ಸನ್ನು ಅದು ಬೇರೆಯಾಗಿಯೇ ಗುರುತಿಸಿದೆ.

ಅಂಗಡಿಗೆ ಹೋದ ಕೂಡಲೇ ನಮ್ಮ ಮುಂದೆ ಹಿಡಿಯುವುದು ಡಿಪಿಐ ಎಂಬ ಸಂಖ್ಯೆ. "ಇದು 6400, ಇದು 8000, ಇದು 12000 ಭಯ್ಯಾ!" ಕನ್ನಡ ಮಾಧ್ಯಮದಿಂದ ಬಂದ ಹುಡುಗ ಇಂಗ್ಲಿಷಿನಲ್ಲಿ ಅಚ್ಚಾದ ದೊಡ್ಡ ಅಂಕಿ ಕಂಡರೆ ಎದುರು ಪ್ರಶ್ನೆ ಹಾಕೋದಿಲ್ಲ ಅನ್ನೋದು ಮಾರುವವನಿಗೆ ಗೊತ್ತು. ಆದರೆ ಇದು ಏಳನೇ ಕ್ಲಾಸಿನ ಲೆಕ್ಕ, ಅಷ್ಟೆ. ಮೌಸನ್ನು ಒಂದು ಅಂಗುಲ ಸರಿಸಿದರೆ ಅದು ಎಷ್ಟು ಎಣಿಕೆ ಕಳಿಸುತ್ತದೆ ಎಂಬುದೇ ಡಿಪಿಐ. ನಮ್ಮ ಸಾಮಾನ್ಯ ಪರದೆಯ ಅಗಲ 1920 ಚುಕ್ಕಿ. ಒಂದು ಎಣಿಕೆಗೆ ಒಂದು ಚುಕ್ಕಿ ಎಂದು ಹಿಡಿದರೆ, 8000ಕ್ಕೆ ಇಟ್ಟಾಗ ಕಾಲು ಅಂಗುಲ ಸರಿಸುವಷ್ಟರಲ್ಲಿ ಬಾಣ ಪರದೆಯ ಈ ಕೊನೆಯಿಂದ ಆ ಕೊನೆಗೆ! ಗುರಿ ಇಡುವುದೆಲ್ಲಿ ಬಂತು? 800ಕ್ಕೆ ಇಟ್ಟರೆ ಅದೇ ದೂರಕ್ಕೆ ಎರಡೂವರೆ ಅಂಗುಲದ ಹತ್ತಿರ ಬೇಕು, ಕೈಗೆ ಹಿಡಿತ ಸಿಗುತ್ತದೆ. ಕೌಂಟರ್-ಸ್ಟ್ರೈಕ್‌ನಂಥ ಗುಂಡಿನ ಆಟವನ್ನೇ ವೃತ್ತಿ ಮಾಡಿಕೊಂಡವರಲ್ಲೂ ಬಹಳ ಮಂದಿ 400, 800ರಲ್ಲೇ ಆಡುತ್ತಾರೆ. ಹೀಗಿರುವಾಗ ಬಳಸದ ಏಳು ಸಾವಿರಕ್ಕೆ ನಾವ್ಯಾಕ್ರೀ ದುಡ್ಡು ಕೊಡಬೇಕು?

ಇನ್ನೊಂದು ಅಂಕಿ ಹರ್ಟ್ಸಿನದು, ಅಂದರೆ ಮೌಸು ಸೆಕೆಂಡಿಗೆ ಎಷ್ಟು ಬಾರಿ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ ಎಂಬುದು. 125 ಇದ್ದರೆ ಎಂಟು ಮಿಲಿಸೆಕೆಂಡಿಗೊಮ್ಮೆ, 1000 ಇದ್ದರೆ ಒಂದಕ್ಕೊಮ್ಮೆ. 1000 ಇರಲಿ. ಅದರಾಚೆಯದಕ್ಕೆ ಹಣ ಸುರಿಯುವುದು, 60 ಹರ್ಟ್ಸಿನ ಪರದೆ ಇಟ್ಟುಕೊಂಡಿರುವ ನಮಗೆ ದಂಡ.

ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದ್ದು ಪೆಟ್ಟಿಗೆಯ ಮೇಲೆ ಅಚ್ಚಾಗಿರೋದೇ ಇಲ್ಲ. ಅದು ಅಂಗೈ. ಕೆಲವರು ಇಡೀ ಅಂಗೈಯನ್ನು ಮೌಸಿನ ಮೇಲೆ ಮಲಗಿಸುತ್ತಾರೆ, ಕೆಲವರು ಬೆರಳ ತುದಿಯಲ್ಲೇ ಓಡಿಸುತ್ತಾರೆ. ಮೊದಲನೆಯವರಿಗೆ ರೇಜರ್ ಡೆತ್‌ಆಡರ್ ಎಸೆನ್ಷಿಯಲ್‌ನಂಥ ಬೆನ್ನುಬ್ಬಿದ ದೊಡ್ಡ ಮೌಸು ಹಿತ. ಎರಡನೆಯವರಿಗೆ, ಸಣ್ಣ ಕೈಯವರಿಗೆ, ಲಾಜಿಟೆಕ್ ಜಿ102ರಂಥ ಪುಟ್ಟದು, 85 ಗ್ರಾಮಿನದು. ಎರಡೂ ನಮ್ಮ ಮೊತ್ತದ ಆಸುಪಾಸಿನಲ್ಲೇ ಸಿಗುತ್ತವೆ. ಮಧ್ಯಾಹ್ನ ಟ್ಯಾಲಿ, ರಾತ್ರಿ ವ್ಯಾಲೊರಂಟ್ ಎಂದು ದಿನಕ್ಕೆ ಆರು ಗಂಟೆ ಅದೇ ಮೌಸು ಹಿಡಿಯುವವನಿಗೆ ಆಕಾರ ಒಗ್ಗದಿದ್ದರೆ ಮಣಿಕಟ್ಟು ಹಿಡಿದುಕೊಳ್ಳುತ್ತೆ. ಪರೀಕ್ಷೆ ಬರೆಯಬೇಕಾದ್ದೂ ಅದೇ ಕೈಯಲ್ಲಿ. ಆದ್ದರಿಂದ ಹಿಡಿದು ನೋಡದೆ ಕೊಳ್ಳಬೇಡಿ. ನೇತಾಜಿ ಸುಭಾಷ್ ಪ್ಲೇಸಿನಲ್ಲಿ ನಾನು ವಿಚಾರಿಸಿದ ಅಂಗಡಿಯಲ್ಲಿ ಸೀಲು ಒಡೆಯಲು ಒಪ್ಪಲಿಲ್ಲ. ಹಾಗಾದರೆ ಕಶ್ಮೀರಿ ಗೇಟಿನಲ್ಲಿ ಇಳಿದು ವಯೊಲೆಟ್ ಲೈನ್ ಹಿಡಿದರೆ ನೆಹರೂ ಪ್ಲೇಸ್. ನಾಲ್ಕು ಅಂಗಡಿ ಸುತ್ತಿದರೆ ಒಂದರಲ್ಲಾದರೂ ತೋರಿಸಲು ಬಿಚ್ಚಿಟ್ಟದ್ದು ಇರುತ್ತೆ. ಎಡಗೈಯವರ ಪಾಡು ಮಾತ್ರ ಕೇಳಬೇಡಿ. ಎರಡೂ ಕೈಗೆ ಆಗುತ್ತೆ ಎನ್ನುವ ಮೌಸಿನಲ್ಲೂ ಪಕ್ಕದ ಗುಂಡಿಗಳು ಬಲಗೈ ಹೆಬ್ಬೆರಳಿಗೇ ಇರುತ್ತವೆ.

ಈ ಬೆಲೆಗೆ ತಂತಿ ಇರೋದನ್ನೇ ತಗೊಳ್ಳಿ. ತಂತಿಯಿಲ್ಲದ ಒಳ್ಳೆಯದು ನಮ್ಮ ಮೊತ್ತ ಮೀರುತ್ತದೆ. ಬರೀ ಬ್ಲೂಟೂತಿನ ಅಗ್ಗದ್ದು ಆಟಕ್ಕೆ ನಿಧಾನ. ಬಣ್ಣಬಣ್ಣದ ದೀಪ ಕೈಯಡಿಯಲ್ಲಿ ಉರಿಯುತ್ತದೆ, ನೋಡುವವರಾರು? ಇವು ಮೊದಲು ಕೆಡುವುದು ಎಡಗುಂಡಿಯಲ್ಲಿ. ಒಳಗಿನ ಪುಟ್ಟ ಸ್ವಿಚ್ಚಿನ ಲೋಹದ ತುದಿ ಸವೆದರೆ ಒಂದು ಒತ್ತಿಗೆ ಎರಡು ಒತ್ತು ಬೀಳುತ್ತದೆ. ಬೆಸುಗೆ ಬಲ್ಲವರು ಸ್ವಿಚ್ಚೊಂದನ್ನೇ ಬದಲಿಸಿಕೊಡುತ್ತಾರೆ, ಆದರೆ ವಾರಂಟಿ ಇರುವಾಗ ಆ ಖರ್ಚು ನಮಗೇಕೆ?

ವಾರಂಟಿ ಅಂದಮೇಲೆ ಬಿಲ್ಲಿನ ಮಾತು ಬಂತು. ಇಲ್ಲಿ ನಮ್ಮ ಕಾಮರ್ಸ್ ಓದು ಕೆಲಸಕ್ಕೆ ಬರಬೇಕು. "ಬಿಲ್ ಬೇಡ ಅಂದ್ರೆ 1300, ಬೇಕಾದ್ರೆ ಮೇಲೆ 18 ಪರ್ಸೆಂಟು" ಅನ್ನುತ್ತಾರೆ. 1300ರ ಮೇಲೆ ಜಿಎಸ್‌ಟಿ 234, ಒಟ್ಟು 1534. ಬಿಲ್ಲಿಲ್ಲದ ಮೌಸು ಮೂರನೇ ತಿಂಗಳಲ್ಲಿ ಕೆಟ್ಟರೆ ಹೋಗೋದು 1300 ಪೂರ್ತಿ. 234 ಉಳಿಸಿದ ಜಾಣತನಕ್ಕೆ ಏನು ಬೆಲೆ? ನಕಲಿ ಮಾಲಿದ್ದರಂತೂ ಕೇಳುವ ಹಕ್ಕೇ ಕಷ್ಟ. ಇನ್ನೊಂದು ವಿಷಯ ನೆನಪಿರಲಿ: ಪೆಟ್ಟಿಗೆಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಕಡಿಮೆ ಬೆಲೆ ಹೇಳಿ ತೆರಿಗೆ ಕೂಡಿಸಲಿ, ಆದರೆ ಒಟ್ಟು ಎಂಆರ್‌ಪಿ ದಾಟುವಂತಿಲ್ಲ. ಹಿಂದಿ ತೊದಲಿದರೂ ಸರಿ, ಇದನ್ನು ಗಟ್ಟಿಯಾಗಿ ಹೇಳಿ.

ಚೌಕಾಸಿಯಲ್ಲಿ ನೂರೋ ಇನ್ನೂರೋ ಉಳಿದರೆ ಬಟ್ಟೆಯ ಮ್ಯಾಟು ಒಂದನ್ನು ತನ್ನಿ. ಮೌಸಿನ ಹೊಟ್ಟೆಯಲ್ಲಿರೋದು ನೆಲದ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುವ ಪುಟ್ಟ ಕ್ಯಾಮರಾ. ನಮ್ಮ ಪಿ.ಜಿ. ಮಾಲೀಕರು ಹಾಕಿಸಿರುವ ಗಾಜಿನ ಟೇಬಲ್ಲಿನ ಮೇಲೆ ಅದಕ್ಕೆ ಏನೂ ಕಾಣೋದಿಲ್ಲ.