ಇನ್ನೊಬ್ಬ ವೈದ್ಯರನ್ನು ಕೇಳುವುದು ತಪ್ಪಲ್ಲ

ಥೈರಾಯ್ಡ್ ಕ್ಯಾನ್ಸರ್ 'ಸುಲಭದ ಕ್ಯಾನ್ಸರ್' ಎಂಬ ಸಮಾಧಾನದ ಮಾತು ನಮ್ಮಂಥವರಿಗಲ್ಲ. ನನ್ನದು ಶ್ವಾಸಕೋಶಕ್ಕೆ ಹರಡಿದೆ; ವಿಕಿರಣಶೀಲ ಅಯೋಡಿನ್ ಈಗ ಕೆಲಸ ಮಾಡುತ್ತಿಲ್ಲ. ಹಾಗೆಂದು ದಾರಿ ಮುಗಿದಿಲ್ಲ. ಲೆನ್ವಾಟಿನಿಬ್, ಸೊರಾಫೆನಿಬ್ ಮಾತ್ರೆಗಳಿವೆ. ಅವು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಬೆಳೆಯದಂತೆ ತಡೆಯುತ್ತವೆ. ಜೊತೆಗೆ ಸುಸ್ತು, ರಕ್ತದೊತ್ತಡ ತರುತ್ತವೆ. ಆದ್ದರಿಂದ ಯಾವಾಗ ಶುರುಮಾಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಗಡ್ಡೆ ನಿಧಾನವಾಗಿ ಬೆಳೆಯುತ್ತಿದ್ದರೆ ಕಾದು ನೋಡುವುದೂ ಚಿಕಿತ್ಸೆಯೇ. ವಂಶವಾಹಿ ಪರೀಕ್ಷೆ ಬೇರೆ ಔಷಧದ ದಾರಿ ತೋರಿಸಬಹುದು.

ಇಂಥ ನಿರ್ಧಾರಕ್ಕೆ ಎರಡನೇ ಅಭಿಪ್ರಾಯ ಬೇಕು. ಚೆನ್ನೈನಲ್ಲಿ 1954ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಕಟ್ಟಿದ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಬಯಾಪ್ಸಿ, ಸ್ಕ್ಯಾನ್, ಥೈರೋಗ್ಲೋಬ್ಯುಲಿನ್ ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಪರವೂರಿನಲ್ಲಿರುವ ನಾವು ಕಾಯಿಲೆಯನ್ನು ಮನೆಯವರಿಂದ ಮುಚ್ಚಿಡುತ್ತೇವೆ. ಮುಚ್ಚಿಡಬೇಡಿ, ವೈದ್ಯರ ಎದುರು ಕೂರುವಾಗ ಪಕ್ಕದಲ್ಲಿ ನಮ್ಮವರೊಬ್ಬರು ಇರಲಿ.