ಕೈ ಬಿಡುವಾದರೆ ಸಾಲದು

ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಮೊಬೈಲನ್ನು ಸಿಕ್ಕಿಸಿಕೊಂಡು, ಎರಡೂ ಕೈಗಳನ್ನು ಹ್ಯಾಂಡಲಿನ ಮೇಲಿಟ್ಟು, ಮನೆಯ ಬಾಡಿಗೆಯನ್ನೋ ಮದುವೆಯ ಮಾತುಕತೆಯನ್ನೋ ಯಾರೊಡನೆಯೋ ಚರ್ಚಿಸುತ್ತ ವಾಹನಗಳ ನಡುವೆ ನುಸುಳಿ ಸಾಗುವ ಸವಾರನು, ತನ್ನ ಕೈಗಳು ಇರಬೇಕಾದಲ್ಲಿಯೇ ಇರುವುದರಿಂದ ತಾನು ಯಾವ ಅಪರಾಧವನ್ನೂ ಮಾಡುತ್ತಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಈ ನಂಬಿಕೆಗೆ ಅವನೊಬ್ಬನನ್ನೇ ಹೊಣೆಮಾಡುವುದು ನ್ಯಾಯವಲ್ಲ; ನಮ್ಮ ಕಾನೂನಿನ ಭಾಷೆಯೂ ಅದಕ್ಕೆ ಆಸ್ಪದವಿತ್ತಿದೆ.

1988ರಲ್ಲಿ ಮೋಟಾರು ವಾಹನ ಕಾಯ್ದೆ ರಚಿತವಾದಾಗ ಈ ದೇಶದಲ್ಲಿ ಮೊಬೈಲ್ ಸೇವೆಯೇ ಇರಲಿಲ್ಲ. ಅದು ಆರಂಭವಾದದ್ದು 1995ರಲ್ಲಿ. ಅಪಾಯಕಾರಿ ಚಾಲನೆಯನ್ನು ಶಿಕ್ಷಿಸುವ 184ನೆಯ ಪ್ರಕರಣದೊಳಗೆ ಫೋನಿನ ಪ್ರಸ್ತಾಪ ಸೇರಿದ್ದು 2019ರ ತಿದ್ದುಪಡಿಯಿಂದ. ಮೊದಲ ಸಲದ ತಪ್ಪಿಗೆ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾರಾಗೃಹವಾಸ, ಇಲ್ಲವೆ ಎರಡೂ. ಕಠಿಣವಾದ ಶಿಕ್ಷೆಯೇ, ಆದರೆ ಅದು ಹೆಸರಿಸುವುದು ಕೈಯಲ್ಲಿ ಹಿಡಿದ ಸಂಪರ್ಕಸಾಧನವನ್ನು ಮಾತ್ರ. ಮರುವರ್ಷ ಕೇಂದ್ರದ ನಿಯಮಗಳನ್ನು ತಿದ್ದಿದಾಗ, ದಾರಿ ತಿಳಿಯುವುದಕ್ಕಷ್ಟೇ ಅಂಥ ಸಾಧನವನ್ನು ಬಳಸಬಹುದು, ಚಾಲಕನ ಏಕಾಗ್ರತೆಗೆ ಭಂಗ ಬರಬಾರದು ಎಂದು ವಿಧಿಸಲಾಯಿತು. ಏಕಾಗ್ರತೆಯೇ ಇಲ್ಲಿ ಮುಖ್ಯವೆಂಬುದನ್ನು ನಿಯಮ ರಚಿಸಿದವರು ಬಲ್ಲವರಾಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಹಾಗಿದ್ದ ಮೇಲೆ ಆ ತಿಳಿವಳಿಕೆಯನ್ನು ಮೂಲ ಪ್ರಕರಣದಲ್ಲಿಯೂ ಸ್ಪಷ್ಟಗೊಳಿಸದೆ ಬಿಟ್ಟದ್ದೇಕೆ?

ವಿಜ್ಞಾನವು ಈ ವಿಷಯದಲ್ಲಿ ಬಹುಕಾಲದ ಹಿಂದೆಯೇ ಮಾತನಾಡಿದೆ. ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೀಡಾದ 699 ಚಾಲಕರ ಕರೆಗಳ ದಾಖಲೆಯನ್ನು ಪರಿಶೀಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು, ಫೋನಿನಲ್ಲಿ ಮಾತನಾಡುವಾಗ ಅಪಘಾತದ ಸಂಭವವು ಸುಮಾರು ನಾಲ್ಕುಪಟ್ಟಾಗುತ್ತದೆಂದೂ, ಕೈಯಲ್ಲಿ ಹಿಡಿಯದೆ ಮಾತನಾಡಿದವರಿಗೆ ಅದರಿಂದ ಹೆಚ್ಚಿನ ರಕ್ಷಣೆಯೇನೂ ಕಂಡುಬರಲಿಲ್ಲವೆಂದೂ ತಿಳಿಸಿತು. ಕಾರಣವು ಗೂಢವಾದುದಲ್ಲ. ಕಣ್ಣು ತೆರೆದಿದ್ದರೂ ಮನಸ್ಸು ಅನ್ಯತ್ರ ಇರುವಾಗ ಎದುರಿನ ವಸ್ತುವು ಕಣ್ಣಿಗೆ ಬಿದ್ದೂ ಕಾಣದೆಹೋಗುತ್ತದೆ. ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದಿಲ್ಲವೆ ಎಂದು ಕೇಳುವವರುಂಟು. ಪಕ್ಕದವನು ರಸ್ತೆಯನ್ನು ತಾನೂ ನೋಡುತ್ತಿರುತ್ತಾನೆ. ಎದುರಿಗೆ ಲಾರಿ ಬಂದರೆ ತಾನಾಗಿ ಮೌನವಹಿಸುತ್ತಾನೆ, ಕೆಲವೊಮ್ಮೆ ಎಚ್ಚರಿಸುತ್ತಾನೆ. ದೂರದ ಧ್ವನಿಗೆ ಆ ಲಾರಿ ಕಾಣದು. ಇನ್ನು ಸಂದೇಶ ಓದುವವನ ಪಾಡನ್ನು ಹೇಳತಕ್ಕದ್ದೇನು? ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಐದು ಸೆಕೆಂಡು ಪರದೆಯನ್ನು ನೋಡಿದವನು, ಬಣ್ಣವಿಲ್ಲದ ಹಂಪುಗಳೂ ಅಡ್ಡಬರುವ ದನಗಳೂ ಶಾಲೆ ಬಿಟ್ಟು ಓಡುವ ಮಕ್ಕಳೂ ಇರುವ ನಮ್ಮ ರಸ್ತೆಯಲ್ಲಿ, ಎಂಬತ್ತು ಮೀಟರಿಗೂ ಮಿಕ್ಕಿದ ದೂರವನ್ನು ಕುರುಡನಾಗಿ ಸಾಗಿರುತ್ತಾನೆ.

ಕಾನೂನಿನ ಪದಗಳು ಇಕ್ಕಟ್ಟಾದರೆ ಏನಾಗುವುದೆಂಬುದನ್ನು ಇಂಗ್ಲೆಂಡು ಕಂಡಿದೆ. ವಾಹನ ನಡೆಸುತ್ತಲೇ ಅಪಘಾತದ ಸ್ಥಳವನ್ನು ಫೋನಿನಲ್ಲಿ ಚಿತ್ರೀಕರಿಸಿದವನೊಬ್ಬನು, ಚಿತ್ರೀಕರಣವು ಸಂಪರ್ಕವಲ್ಲವೆಂಬ ವಾದದಿಂದ 2019ರಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಪಾರಾದನು. 2022ರ ಮಾರ್ಚಿನಲ್ಲಿ ಆ ದೇಶವು ಕಾನೂನನ್ನು ವಿಸ್ತರಿಸಿ ಆ ಬಾಗಿಲನ್ನು ಮುಚ್ಚಿತು. ನಾವಾದರೋ ಇರುವ ಕಾನೂನಿನ ಬಲವನ್ನೇ ಕುಗ್ಗಿಸಿದೆವು. 2019ರ ಸೆಪ್ಟೆಂಬರಿನಲ್ಲಿ ಹೊಸ ದಂಡಗಳು ಜಾರಿಗೆ ಬಂದ ಕೆಲವೇ ವಾರಗಳಲ್ಲಿ ನಮ್ಮ ರಾಜ್ಯವು ಹಲವನ್ನು ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿಯಿದ್ದ ಸಂಚಾರ ದಂಡಗಳಿಗೆ ಶೇಕಡ 50ರ ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ನಿಂತರು. ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದವನಿಗೆ ಅಂಥ ದಯೆ ಸಲ್ಲಬಹುದು. ಪರರ ಪ್ರಾಣವನ್ನು ಪಣಕ್ಕಿಟ್ಟವನಿಗೆ ಅದು ಸಲ್ಲದು. ಹಾಗೆಂದು ದಂಡದ ಮೊತ್ತವನ್ನು ಮತ್ತಷ್ಟು ಏರಿಸಬೇಕೆಂದು ನಾನು ಹೇಳುವುದಿಲ್ಲ. ಸಿಕ್ಕಿಬೀಳುವೆನೆಂಬ ನಿಶ್ಚಯವಿದ್ದಲ್ಲಿ ಸಣ್ಣ ದಂಡವೂ ಕೆಲಸ ಮಾಡುತ್ತದೆ. ಆ ನಿಶ್ಚಯವಿಲ್ಲದಲ್ಲಿ ದೊಡ್ಡ ದಂಡವು ಕಾಗದದ ಮೇಲೆ ಉಳಿಯುತ್ತದೆ. ಬೆಂಗಳೂರಿನ ಕೆಲವು ವೃತ್ತಗಳಲ್ಲಿ ಕ್ಯಾಮೆರಾಗಳು ಈ ಕೆಲಸವನ್ನು ಮಾಡತೊಡಗಿವೆ. ಜಿಲ್ಲೆಗಳ ಹೆದ್ದಾರಿಗಳಿಗೂ ಅವು ಬರಬೇಕು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುವುದು, ಆಹಾರದ ಪೊಟ್ಟಣವನ್ನು ಬೆನ್ನಿಗೇರಿಸಿಕೊಂಡು ಮಳೆಯಲ್ಲಿ ಓಡುವ ಆ ಹುಡುಗರ ಸ್ಥಿತಿ. ಅವರಿಗೆ ಫೋನು ವಿನೋದವಲ್ಲ, ಅನ್ನ. ಕ್ಷಣಗಳೊಳಗೆ ಒಪ್ಪದಿದ್ದರೆ ಆರ್ಡರು ಬೇರೊಬ್ಬನ ಪಾಲಾಗುತ್ತದೆ. ದಾರಿಯೂ ವಿಳಾಸವೂ ಗ್ರಾಹಕನ ಅಸಹನೆಯೂ ಅದೇ ಪುಟ್ಟ ಪರದೆಯಲ್ಲಿಯೇ ಬರುತ್ತವೆ. ಓಡುವ ಗಾಡಿಯ ಮೇಲೆ ಅವನು ಅದನ್ನು ನೋಡಲೇಬೇಕಾದಂತೆ ಉದ್ಯೋಗವನ್ನು ರೂಪಿಸಿದವರು ಕಚೇರಿಯಲ್ಲಿ ನಿಶ್ಚಿಂತರಾಗಿರಲು, ದಂಡದ ಚೀಟಿ ಮಾತ್ರ ಅವನ ಹೆಸರಿಗೆ ಬರುವುದು ಯಾವ ನೀತಿ? ಗಾಡಿ ಚಲಿಸುತ್ತಿರುವಾಗ ಹೊಸ ಆರ್ಡರನ್ನು ತಡೆಹಿಡಿಯುವ ಹೊಣೆಯನ್ನು ಕಂಪನಿಯ ಮೇಲೆಯೇ ಕಾನೂನು ಹೊರಿಸಬೇಕು. ಚಾಲಕನಿಗೆ ಪದೇಪದೇ ಕರೆಮಾಡಿ ‘ಎಲ್ಲಿದ್ದೀಯ?’ ಎಂದು ಗದರುವ ಲಾರಿಯ ಮಾಲೀಕನಿಗೂ ಕಾರಿನ ಧಣಿಗೂ ಈ ಹೊಣೆ ತಟ್ಟಬೇಕು.

ಸಂಸತ್ತು 184ನೆಯ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡು, ಕೈಯಲ್ಲಿರಲಿ ಕಿವಿಯಲ್ಲಿರಲಿ, ಚಾಲನೆಯ ನಡುವಿನ ಫೋನಿನ ಸಂಭಾಷಣೆಯನ್ನೇ ನಿಷೇಧಿಸಬೇಕು. ರಾಜ್ಯ ಸರಕಾರವು ಈ ಅಪರಾಧವನ್ನು ಮುಂದಿನ ಎಲ್ಲ ರಿಯಾಯಿತಿಗಳಿಂದ ಹೊರಗಿಡಬೇಕು. ಅದು ಆಗುವವರೆಗೆ ಓದುಗರಲ್ಲಿ ನನ್ನದೊಂದು ಬಿನ್ನಹ: ನೀವು ಕರೆ ಮಾಡಿದಾಗ ಆ ಬದಿಯಿಂದ ಹಾರ್ನಿನ ಸದ್ದು ಕೇಳಿಬಂದರೆ, ಎಷ್ಟೇ ಅವಸರದ ಮಾತಿರಲಿ, ‘ಗಾಡಿ ನಿಲ್ಲಿಸಿದ ಮೇಲೆ ನೀವೇ ಕರೆ ಮಾಡಿ’ ಎಂದು ಹೇಳಿ ಕರೆಯನ್ನು ಅಲ್ಲಿಗೇ ಮುಗಿಸಿರಿ.