ಮರುಭೂಮಿಯ ನೀರಿನ ಲೆಕ್ಕದಲ್ಲಿ ಮೂಕಪ್ರಾಣಿಗಳೆಲ್ಲಿ?

ರಾಜಸ್ಥಾನದ ಪಶ್ಚಿಮ ಭಾಗದಲ್ಲಿ, ಥಾರ್ ಮರುಭೂಮಿಯ ಹಳ್ಳಿಗಳಲ್ಲಿ, ಹಿಂದಿನವರು ಬಾವಿ ತೋಡಿದಾಗ ಅದರ ಮಗ್ಗುಲಲ್ಲಿ ಉದ್ದನೆಯ ತೊಟ್ಟಿಯೊಂದನ್ನೂ ಕಟ್ಟುತ್ತಿದ್ದರು. ಅದಕ್ಕೆ ಅಲ್ಲಿನ ಹೆಸರು 'ಖೇಳಿ'. ಮಲೆನಾಡಿನ ಕೊಟ್ಟಿಗೆಯಲ್ಲಿ ಕಲ್ಲುಮರಿಗೆ ಮಾಡುವ ಕೆಲಸವನ್ನು ಅಲ್ಲಿ ಖೇಳಿ ಇಡೀ ಊರಿಗೆ ಮಾಡುತ್ತದೆ. ಕೊಡ ತುಂಬುವ ಕಟ್ಟೆ ಬೇರೆ, ದನ, ಕುರಿ, ಒಂಟೆಗಳು ಬಾಯಿಡುವ ಜಾಗ ಬೇರೆ. ನೀರೆತ್ತುವ ಶ್ರಮ ಮಾತ್ರ ಎರಡಕ್ಕೂ ಒಂದೇ. ಈ ಸರಳ ಏರ್ಪಾಡಿನಲ್ಲಿ ಒಂದು ವಿವೇಕವಿತ್ತು. ಜಾನುವಾರಿನ ನೀರಿಗೆ ಪ್ರತ್ಯೇಕ ವ್ಯವಸ್ಥೆ ಮಾಡದಿದ್ದರೆ ಮನುಷ್ಯನ ನೀರು ಶುದ್ಧವಾಗಿಯೂ ಉಳಿಯದು, ಸಾಕಾಗಿಯೂ ಉಳಿಯದು ಎಂಬುದೇ ಆ ವಿವೇಕ. ಮರುಭೂಮಿಗೆ ಕುಡಿಯುವ ನೀರು ಕೊಡಲು ಹೊರಟ ಯೋಜನೆಗಳು ಇದನ್ನು ಮರೆಯುವಂತಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೈಸಲ್ಮೇರಿನಲ್ಲಿ ಅದು 200 ಮಿಲಿಮೀಟರನ್ನೂ ಮುಟ್ಟದ ವರ್ಷಗಳೇ ಹೆಚ್ಚು. ಅಂತಹ ನೆಲದಲ್ಲಿ ಬೆಳೆಯನ್ನು ನಂಬಿ ಬದುಕಲಾಗದು. ಸಜ್ಜೆಯ ಹೊಲ ಒಣಗಿದರೂ ಕೈಹಿಡಿಯುವುದು ಥಾರ್ಪಾರ್ಕರ್ ತಳಿಯ ಹಸು, ಕುರಿ, ಆಡು ಮತ್ತು ಒಂಟೆ. ಅವು ಅಲ್ಲಿನ ಕುಟುಂಬದ ಹಾಲು, ಗೊಬ್ಬರ, ಉಣ್ಣೆ. ಕಷ್ಟಕಾಲಕ್ಕೆ ಕೂಡಿಟ್ಟ ಗಂಟು. ಹಿಂಡಿಗೆ ನೀರಿಲ್ಲವಾದ ದಿನ ಕುಟುಂಬವೂ ಊರು ಬಿಡಬೇಕಾಗುತ್ತದೆ. ಆದ್ದರಿಂದ ಅಲ್ಲಿ ಜಾನುವಾರಿಗೆ ನೀರುಣಿಸುವುದನ್ನು ಕೇವಲ ದಯೆಯ ಮಾತೆಂದು ಬದಿಗಿಡಲಾಗದು. ಅದು ಬದುಕಿನ ಮೂಲ ಪ್ರಶ್ನೆ.

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲವೆಂದಲ್ಲ. ಗ್ರಾಮೀಣ ನೀರು ಸರಬರಾಜಿನ ಹಿಂದಿನ ನಿಯಮದಲ್ಲಿ ತಲೆಯೊಂದಕ್ಕೆ ದಿನಕ್ಕೆ 40 ಲೀಟರ್ ಎಂದಿತ್ತು. ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮದ ಪ್ರದೇಶಗಳಲ್ಲಿ ಜಾನುವಾರುಗಳಿಗಾಗಿ ಇನ್ನೂ 30 ಲೀಟರನ್ನು ಸೇರಿಸಬೇಕೆಂದು ಅದೇ ನಿಯಮ ಹೇಳುತ್ತಿತ್ತು. 1977–78ರಲ್ಲಿ ಆರಂಭವಾದ ಆ ಕಾರ್ಯಕ್ರಮಕ್ಕೆ 1990ರ ದಶಕದಲ್ಲಿ ಬಳ್ಳಾರಿ, ವಿಜಯಪುರ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಕೆಲವು ಭಾಗಗಳೂ ಸೇರಿದವು ಎಂಬುದನ್ನು ಕನ್ನಡಿಗರು ನೆನಪಿಡಬೇಕು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಮನೆಮನೆಗೆ ನಲ್ಲಿ, ತಲೆಗೆ 55 ಲೀಟರ್ ಎಂಬ ಗುರಿಯನ್ನಿಟ್ಟಿತು. ಮೈಲಿಗಟ್ಟಲೆ ಕೊಡ ಹೊತ್ತ ಹೆಂಗಸರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಪ್ರಗತಿಯನ್ನು ಅಳೆಯುವುದು ನಲ್ಲಿ ಪಡೆದ ಮನೆಗಳ ಸಂಖ್ಯೆಯಿಂದ; ಹಟ್ಟಿಯಲ್ಲಿರುವ ಬಾಯಿಗಳು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಐದು ಜನರ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಗುರಿಯಂತೆ ಅವರಿಗೆ ದಿನಕ್ಕೆ 275 ಲೀಟರ್ ನೀರು. ಹಟ್ಟಿಯಲ್ಲಿ ಮೂರು ಹಸು, ಇಪ್ಪತ್ತು ಕುರಿಗಳಿದ್ದರೆ, ಬಿರುಬೇಸಿಗೆಯಲ್ಲಿ ಹಸುವಿಗೆ 50 ಲೀಟರ್, ಕುರಿಗೆ 5 ಲೀಟರ್ ಎಂದು ಹಿಡಿದರೂ ಅವಕ್ಕೇ 250 ಲೀಟರ್ ಬೇಕು. ಉಳಿಯುವುದು 25 ಲೀಟರ್. ಕಾಗದದ ಮೇಲೆ ಸಮೃದ್ಧವಾಗಿ ಕಾಣುವ ಮನೆಯಲ್ಲಿ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ನೀರಿರುವುದಿಲ್ಲ. ಆಗ ಕುಟುಂಬದ ಮುಂದೆ ಉಳಿಯುವ ದಾರಿಗಳು ಎರಡೇ: ತಾನು ಕುಡಿಯುವ ಹೊಂಡಕ್ಕೇ ಹಿಂಡನ್ನೂ ಇಳಿಸುವುದು, ಇಲ್ಲವೇ ಹಿಂಡನ್ನು ಮಾರುವುದು. ಮೊದಲನೆಯದು ರೋಗಕ್ಕೆ ದಾರಿ, ಎರಡನೆಯದು ಬಡತನಕ್ಕೆ.

ಮರುಭೂಮಿಯ ಜನ ಈ ಇಕ್ಕಟ್ಟನ್ನು ನೀರನ್ನು ವಿಂಗಡಿಸುವ ಮೂಲಕ ಬಿಡಿಸಿಕೊಂಡಿದ್ದರು. ಅನುಪಮ್ ಮಿಶ್ರ ಅವರು 1995ರಲ್ಲಿ ಪ್ರಕಟವಾದ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಎಂಬ ಹಿಂದಿ ಗ್ರಂಥದಲ್ಲಿ ಈ ಜ್ಞಾನವನ್ನು ವಿವರವಾಗಿ ದಾಖಲಿಸಿದ್ದಾರೆ. ನೆಲದ ಮೇಲೆ ನಿಂತ ಮಳೆನೀರು 'ಪಾಲರ್', ಆಳದ ಅಂತರ್ಜಲ 'ಪಾತಾಳ', ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಉಳಿದದ್ದು 'ರೇಜಾಣಿ'. ಕೆಲವು ಕಡೆ ಮರಳಿನ ಕೆಳಗಿರುವ ಜಿಪ್ಸಂ ಪದರವು ಇಂಗಿದ ಮಳೆನೀರನ್ನು ಆಳದ ಉಪ್ಪುನೀರಿನೊಡನೆ ಬೆರೆಯಗೊಡದೆ ತಡೆಯುತ್ತದೆ. ಅಲ್ಲಿ 'ಕುಯಿ' ಎಂಬ ಕಿರುಬಾಯಿಯ ಬಾವಿ ತೋಡಿ ಹನಿಹನಿಯಾಗಿ ಜಿನುಗುವ ಸಿಹಿನೀರನ್ನು ದಿನಕ್ಕೆ ಕೆಲವೇ ಕೊಡದಷ್ಟು ಎತ್ತುತ್ತಾರೆ. ಕುಯಿ ಒಂದು ಮನೆಯದಾದರೂ ನೆಲ ಊರಿನದು. ಹೊಸದನ್ನು ತೋಡಲು ಊರಿನ ಒಪ್ಪಿಗೆ ಬೇಕು.

ಮನೆಯಂಗಳದ 'ಟಾಂಕಾ' ಎಂಬ ನೆಲದಡಿಯ ತೊಟ್ಟಿಯ ಲೆಕ್ಕವೂ ಗಮನಾರ್ಹ. 200 ಚದರ ಮೀಟರಿನ ಶುಚಿಯಾದ ಅಂಗಳದ ಮೇಲೆ ಬರೇ 100 ಮಿಲಿಮೀಟರ್ ಮಳೆ ಬಿದ್ದರೆ 20,000 ಲೀಟರ್. ಅರ್ಧ ನಷ್ಟವಾದರೂ ಉಳಿಯುವ 10,000 ಲೀಟರ್, ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರಿನಂತೆ ಬಳಸಿದರೆ ಐದು ಜನರಿಗೆ 400 ದಿನ ಬರುತ್ತದೆ. ಅದೇ ನೀರನ್ನು ಹಿಂಡಿಗೂ ಕುಡಿಸಿದರೆ 40 ದಿನಗಳೊಳಗೆ ತಳ ಕಾಣುತ್ತದೆ. ಆದ್ದರಿಂದಲೇ ಟಾಂಕಾ ಮನುಷ್ಯರಿಗೆ, 'ನಾಡಿ' ಎಂಬ ಊರಕೆರೆ ಮತ್ತು ಖೇಳಿ ಜಾನುವಾರುಗಳಿಗೆ ಎಂಬ ಹಂಚಿಕೆ ಬೆಳೆದುಬಂದಿತು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹಾಡಿ ಹೊಗಳುವುದು ಸಲ್ಲದು. ಭಾರತದ ಕೊನೆಯ ನಾರುಹುಣ್ಣಿನ ರೋಗಿ 1996ರಲ್ಲಿ ಕಂಡುಬಂದದ್ದು ಇದೇ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಜನ ಕಾಲಿಟ್ಟು ಇಳಿಯುತ್ತಿದ್ದ ತೆರೆದ ಬಾವಿ, ಹೊಂಡಗಳಿಂದಲೇ ಆ ಹುಳು ಹರಡುತ್ತಿತ್ತು. ನೀರನ್ನು ಸೋಸಿ ಕುಡಿಯುವ ಅರಿವು ಮತ್ತು ಮೆಟ್ಟಿಲಬಾವಿಗಳ ಸುಧಾರಣೆಯಿಂದ ರೋಗ ತೊಲಗಿ, 2000ದಲ್ಲಿ ದೇಶವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ನಾಗೌರ್ ಮೊದಲಾದ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದು. ಮೀರಿದ ನೀರು ಪಾವಗಡದ ಮಕ್ಕಳ ಹಲ್ಲನ್ನು ಕಲೆಗೊಳಿಸಿದಂತೆಯೇ ಅಲ್ಲಿನ ಮಕ್ಕಳ ಹಲ್ಲನ್ನೂ ಕೆಡಿಸುತ್ತದೆ, ದೊಡ್ಡವರ ಮೂಳೆಯನ್ನು ಬಾಗಿಸುತ್ತದೆ, ಎತ್ತು ಎಮ್ಮೆಗಳನ್ನೂ ಕುಂಟಾಗಿಸುತ್ತದೆ. ಜಾತಿಯ ಕಾರಣದಿಂದ ಬಾವಿಕಟ್ಟೆ ಹತ್ತಲಾಗದೆ ದೂರ ನಿಂತವರ ನೋವಂತೂ ಹಳೆಯ ವ್ಯವಸ್ಥೆಯ ಅಳಿಸಲಾಗದ ಕಳಂಕ. ಮನೆಬಾಗಿಲ ನಲ್ಲಿ ಬೇಕೆನ್ನುವವರ ವಾದದಲ್ಲಿ ಈ ಎಲ್ಲ ಸತ್ಯಗಳಿವೆ.

ಆದರೆ ನಲ್ಲಿಯ ಹಿಂದಿರುವ ನೀರು ಎಲ್ಲಿಯದು? ಥಾರ್‌ನ ಬಹುಭಾಗಕ್ಕೆ ಅದು ಇಂದಿರಾ ಗಾಂಧಿ ಕಾಲುವೆಯದು. 1958ರಲ್ಲಿ ಕೆಲಸ ಆರಂಭವಾದ ಈ ಕಾಲುವೆ ಪಂಜಾಬಿನ ಹರಿಕೆಯಿಂದ ಸುಮಾರು 650 ಕಿಲೋಮೀಟರ್ ಹರಿದು ಜೈಸಲ್ಮೇರನ್ನು ತಲುಪುತ್ತದೆ. ಲಕ್ಷಾಂತರ ಜನರ ದಾಹ ತಣಿಸಿದ ಕೀರ್ತಿ ಅದಕ್ಕಿದೆ. ಕೆಲವೆಡೆ ಜಮೀನು ಜೌಗಾಗಿ ಉಪ್ಪೇರಿದ್ದೂ ಅದರ ನೀರಾವರಿಯಿಂದಲೇ. 2018ರ ಮೇ ತಿಂಗಳಲ್ಲಿ ಪಂಜಾಬಿನ ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ ಬಿಯಾಸ್ ನದಿಗೆ ಸೇರಿ ಮೀನುಗಳು ರಾಶಿರಾಶಿಯಾಗಿ ಸತ್ತವು. ಆ ನದಿಯೇ ಹರಿಕೆಯನ್ನು ತುಂಬುವ ನದಿ. ಇದಲ್ಲದೆ ದುರಸ್ತಿಗಾಗಿ ಕಾಲುವೆಯನ್ನು ಬೇಸಿಗೆಯಲ್ಲಿ ವಾರಗಟ್ಟಲೆ ಮುಚ್ಚುವುದುಂಟು. ಹಿಂಡಿಗೆ ನೀರು ಅತ್ಯಂತ ಅಗತ್ಯವಾದ ಕಾಲವೂ ಅದೇ. ನೂರಾರು ಮೈಲಿ ದೂರದ ಒಂದೇ ಮೂಲವನ್ನು ನಂಬಿ ಊರಿನ ನಾಡಿಯನ್ನು ಹೂಳು ತುಂಬಲು ಬಿಟ್ಟವರಿಗೆ ಆ ವಾರಗಳಲ್ಲಿ ಉಳಿಯುವುದು ಟ್ಯಾಂಕರ್ ಮಾತ್ರ.

ನಾಡಿಗಳನ್ನು ತುಂಬಿಸುವ ನೆಲದ ಪ್ರಶ್ನೆ ಇನ್ನೂ ಗಂಭೀರ. ಮಲೆನಾಡಿನಲ್ಲಿ ದೇವರಕಾಡು ಇದ್ದಂತೆ ಥಾರ್‌ನಲ್ಲಿ 'ಓರಣ್' ಎಂಬ ದೈವದ ಮೀಸಲು ನೆಲವಿದೆ. ಖೇಜಡಿ ಮರಗಳ ನೆರಳು, ಮೇವು, ಜಲಾನಯನ ಎಲ್ಲವೂ ಅಲ್ಲಿಯೇ. ಕಂದಾಯದ ಕಡತದಲ್ಲಿ ಪಾಳುಭೂಮಿ ಎನಿಸಿಕೊಂಡ ಅಂತಹ ನೆಲದ ಮೇಲೆ ಈಗ ಸೌರ ಮತ್ತು ಪವನ ವಿದ್ಯುತ್ ಯೋಜನೆಗಳ ಕಣ್ಣು ಬಿದ್ದಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಓರಣ್‌ಗಳನ್ನು ಸಮೀಕ್ಷೆ ಮಾಡಿ ಅರಣ್ಯವೆಂದು ಗುರುತಿಸುವಂತೆ ರಾಜಸ್ಥಾನಕ್ಕೆ ನಿರ್ದೇಶನ ನೀಡಿದ್ದು ಸ್ವಾಗತಾರ್ಹ. ಆದರೆ ಅರಣ್ಯವೆಂಬ ಹೆಸರಿನಲ್ಲಿ ಹಿಂಡುಗಳನ್ನೇ ಹೊರಗಟ್ಟಿದರೆ ಉದ್ದೇಶವೇ ಕೆಡುತ್ತದೆ. ದೇಶದ ಒಂಟೆಗಳ ಸಂಖ್ಯೆ 2012ರಲ್ಲಿ ಸುಮಾರು 4 ಲಕ್ಷವಿದ್ದದ್ದು 2019ರ ಗಣತಿಯಲ್ಲಿ ಸುಮಾರು 2.5 ಲಕ್ಷಕ್ಕೆ ಇಳಿಯಿತು. ಇದಕ್ಕೆ ಕಾರಣಗಳು ಹಲವು. ಮೇಯುವ ನೆಲ ಕುಗ್ಗಿದ್ದು ಅವುಗಳಲ್ಲಿ ಒಂದು.

ಆಗಬೇಕಾದ ಕೆಲಸ ಅಸಾಧ್ಯವಾದುದಲ್ಲ. ಮರುಭೂಮಿಯ ಪ್ರತಿಯೊಂದು ಯೋಜನೆಯೂ ಜನಗಣತಿಯ ಜೊತೆ ಜಾನುವಾರು ಗಣತಿಯನ್ನೂ ಮುಂದಿಟ್ಟುಕೊಂಡು ನೀರಿನ ಲೆಕ್ಕ ಹಾಕಬೇಕು. ನಲ್ಲಿ ಬಂದ ಊರಿನಲ್ಲಿ, ಕುಡಿಯುವ ನೀರಿನ ಮೂಲದಿಂದ ದೂರಕ್ಕೆ ಖೇಳಿಯೂ ಬರಬೇಕು. ಟಾಂಕಾ ಮತ್ತು ನಾಡಿಗಳ ದುರಸ್ತಿಗೆ ಕೊಳವೆಗೆ ಕೊಟ್ಟಷ್ಟೇ ಮಹತ್ವ ಸಲ್ಲಬೇಕು. ನೀರಿನ ಪರೀಕ್ಷೆ ಊರಿನಲ್ಲಿಯೇ ನಡೆದು ಫಲಿತಾಂಶ ಎಲ್ಲ ಜಾತಿಯವರಿಗೂ ತಿಳಿಯಬೇಕು. ಓರಣ್‌ನ ಆಡಳಿತ ಅದನ್ನು ಕಾಪಾಡಿಕೊಂಡು ಬಂದವರ ಕೈಯಲ್ಲಿರಬೇಕು.

ಮಲೆನಾಡಿನವರಿಗೆ ಇದು ದೂರದ ಕಥೆಯೆನಿಸಬಹುದು. ಆದರೆ ಗೋಮಾಳ ಒತ್ತುವರಿಯಾಗಿ, ಬೆಟ್ಟದ ಒರತೆ ಬತ್ತಿ, ಏಪ್ರಿಲ್ ತಿಂಗಳಲ್ಲಿ ಪಂಚಾಯತಿಯ ಟ್ಯಾಂಕರಿಗೆ ಕಾಯುವ ಹಳ್ಳಿಗಳು ಸಹ್ಯಾದ್ರಿಯ ಮಡಿಲಲ್ಲಿಯೂ ಇವೆ. ಆ ಟ್ಯಾಂಕರೂ ಮನೆಗೆ ಇಂತಿಷ್ಟು ಕೊಡವೆಂದು ಎಣಿಸಿ ಕೊಡುತ್ತದೆಯೇ ಹೊರತು ಕೊಟ್ಟಿಗೆಯ ಕಡೆ ನೋಡುವುದಿಲ್ಲ. ಇನ್ನೂರು ಮಿಲಿಮೀಟರ್ ಮಳೆಯಲ್ಲಿಯೂ ಮೂಕಪ್ರಾಣಿಯ ಪಾಲನ್ನು ತೆಗೆದಿಟ್ಟ ಜನರಿಂದ ಏಳು ಸಾವಿರ ಮಿಲಿಮೀಟರಿನ ನಾಡು ಕಲಿಯಬೇಕಾದದ್ದು ಇದೆ. ಮುಂದಿನ ಗ್ರಾಮಸಭೆಯಲ್ಲಿ ನೀರಿನ ವಿಷಯ ಬಂದಾಗ, ಊರಿನಲ್ಲಿ ಎಷ್ಟು ಮನೆಗಳಿವೆ ಎಂಬುದರ ಜೊತೆಗೆ ಎಷ್ಟು ದನಗಳಿವೆ ಎಂಬ ಪ್ರಶ್ನೆಯನ್ನೂ ಯಾರಾದರೂ ಎದ್ದುನಿಂತು ಕೇಳಲಿ.